ಸೋಮವಾರದ ಪ್ರಮಾಣ

ನೆರಿಯ
8 ಫೆಬ್ರವರಿ 2025

ಪ್ರೀತಿಯ ತಮ್ಮ ಲೋಕನಾಥನಿಗೆ ಅಕ್ಕನ ಆಶೀರ್ವಾದ.

ನಿನ್ನ ಸೊಂಟನೋವು ಹೇಗುಂಟು? ಮೂಡುಬಿದಿರೆಯಲ್ಲಿ ಪಾರ್ಟಿಯವರ ರೂಮಿನಲ್ಲಿ ಮಲಗಿ ಹೆಚ್ಚಾಗಿರಬೇಕು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆದು ನಿನ್ನ ಮಗ ಶೋಧನ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಕಾಳುಮೆಣಸಿನ ಕೊಯ್ಲು ಮುಗಿಯುತ್ತಾ ಬಂತು. ಊರಿನ ಸಹಕಾರಿ ಸೊಸೈಟಿಯ ಅಧ್ಯಕ್ಷನಾದ ಮೇಲೆ ನೀನು ನನ್ನ ಹೆಸರಿಗೆ ಸಬ್ಸಿಡಿಯಲ್ಲಿ ಕೊಡಿಸಿದ ಮೆಣಸು ಬಿಡಿಸುವ ಯಂತ್ರ ಟಾರ್ಪಾಲಿನಡಿ ಕುಳಿತಿದೆ. ಅದು ಬಂದ ದಿನ ದೇವರಿಗೆ ತುಪ್ಪದ ದೀಪ ಇಟ್ಟಿದ್ದೆ. ಸರದಿಯಲ್ಲಿ ಮೊದಲಿದ್ದವನು ಜತ್ತಪ್ಪ ಎಂದು ಊರೆಲ್ಲ ಹೇಳತೊಡಗಿದ ಮೇಲಲ್ಲವೇ ನಾನು ಫೋನಿನಲ್ಲಿ ನಿನ್ನನ್ನು ಕೇಳಿದ್ದು? “ಅವನು ಯಾರಿಗೆ ಓಟು ಹಾಕಿದ್ದಾನೋ ಅವರತ್ರ ಕೇಳ್ಲಿ ಅಕ್ಕ” ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಮಾರಾಯ. ಹೊರದೇಶದ ಮೆಣಸು ಬಂದು ರೇಟು ಬಿದ್ದ ವರ್ಷ ಇದೇ ಜತ್ತಪ್ಪನೊಟ್ಟಿಗೆ ಬೆಳ್ತಂಗಡಿಯ ರಸ್ತೆಯಲ್ಲಿ ಬಿಸಿಲಿಗೆ ಧರಣಿ ಕುಳಿತವನು ನೀನು. ಆಗ ಯಾರು ಯಾವ ಪಾರ್ಟಿ ಎಂದು ಯಾರೂ ಕೇಳಿರಲಿಲ್ಲ. ಈಗ ಆ ಮೆಣಸು ತರಿಸುವ ವ್ಯಾಪಾರಿಗಳೇ ನಿಮ್ಮ ನಾಯಕರ ಪಕ್ಕದಲ್ಲಿ ವೇದಿಕೆಯಲ್ಲಿರುತ್ತಾರೆ, ನೀನು ಅವರಿಗೆ ಶಾಲು ಹೊದಿಸುತ್ತಿ. ಪೇಪರಿನಲ್ಲಿ ಫೋಟೋ ನೋಡಿದೆ. ತೆಳ್ಳಗಾಗಿದ್ದಿ.

ಯಂತ್ರವನ್ನು ಅವನೇ ತೆಗೆದುಕೊಳ್ಳಲಿ ಎಂದು ಹೇಳಲಿಕ್ಕೆ ಜತ್ತಪ್ಪನ ಮನೆಗೆ ಹೋದೆ. ಅವನ ಹೆಂಡತಿ ಅಂಗಳದಲ್ಲಿ ಗೋಣಿಯ ಮೇಲೆ ಮೆಣಸಿನ ಗೊಂಚಲು ತುಳಿದು ಕಾಳು ಬಿಡಿಸುತ್ತಿದ್ದಳು, ಉರಿಗೆ ಅಂಗಾಲು ಕೆಂಪಾಗಿತ್ತು. ಜತ್ತಪ್ಪ ಜಗಳ ಮಾಡಲಿಲ್ಲ. “ನನ್ನ ಸರದಿ ಬಂದಾಗ ತಕೊಳ್ತೇನೆ ಕಾಂತಿಯಕ್ಕ. ನಿಮ್ಮ ಮನೆಯಿಂದ ಬೇಡ” ಎಂದು ಚಹಾ ಕೊಟ್ಟು ಕಳಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದಿನಿಂದ ನಾನೂ ಕಾಲಿನಲ್ಲೇ ತುಳಿಯುತ್ತಿದ್ದೇನೆ.

ಸೊಸೈಟಿಯ ಸಭೆಯಲ್ಲಿ ಊರವರು ಇದೇ ವಿಷಯಕ್ಕೆ ನಿನ್ನನ್ನು ಹಿಡಿದು ಕೇಳಿದಾಗ, “ನಮ್ಮ ಅಕ್ಕ ದೈವದ ಎದುರು ಪ್ರಮಾಣ ಮಾಡ್ತಾಳೆ, ಅವಳ ಮಾತು ಸಾಕಲ್ಲ” ಎಂದೆಯಂತೆ. ನನ್ನನ್ನೊಂದು ಮಾತು ಕೇಳಲಿಲ್ಲ. ಯಂತ್ರ ಸರದಿಯಲ್ಲೇ ಬಂತೆಂದು ಸೋಮವಾರ ದೈವಸ್ಥಾನದಲ್ಲಿ ನಾನು ಹೇಳಬೇಕಂತೆ. ಇಷ್ಟು ವರ್ಷ ನಾನು ಕೈಮುಗಿದದ್ದು ನಿನ್ನ ಕುರ್ಚಿಗೆ ಜಾಮೀನಾಗಲಿಕ್ಕಲ್ಲ ತಮ್ಮಾ. ನನಗೆ ಸಾಕಾಗಿದೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ದೇವರು ನಿನಗೆ ಆರೋಗ್ಯವನ್ನೂ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ
ಕಾಂತಿ

ವಿ.ಸೂ.: ಈಗಷ್ಟೇ ನಿಮ್ಮ ಪಾರ್ಟಿಯವರು ಬಂದು, ಪ್ರಮಾಣಕ್ಕೆ ಮನಸ್ಸಿಲ್ಲದಿದ್ದರೆ ಸೋಮವಾರ ಜ್ವರವೆಂದು ಮಲಗಿಬಿಡಿ ಎಂದು ಹೇಳಿ ಹೋದರು. ನಾನು ಮಲಗುವುದಿಲ್ಲ. ದೈವದ ಮುಂದೆ ನಿಂತು, ಜತ್ತಪ್ಪನ ಬಗ್ಗೆ ನೀನು ಫೋನಿನಲ್ಲಿ ಹೇಳಿದ್ದನ್ನೇ ಹೇಳುತ್ತೇನೆ. ಅದನ್ನು ನೀನೇ ಬಂದು ಹೇಳಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ. ಮೊದಲ ಬಸ್ಸಿಗೆ ಹೊರಡು. ನಿನ್ನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ.