ಯುಲಾಲಿಯ ಶಂಖಗಳು

ಕಪೆಸ್ಟೇರ್, ಮರಿ-ಗಲಾಂತ್ ದ್ವೀಪ
ನವೆಂಬರ್ ೮, ಭಾನುವಾರ. ಚರ್ಚಿನಿಂದ ಬಂದವನು ಇನ್ನೂ ಬೂಟು ಕೂಡ ಬಿಚ್ಚಿಲ್ಲ.

ನನ್ನ ಮುದ್ದಿನ ರೋಸ್ಲಿನ್,

ಹೇಗಿದ್ದೀಯಮ್ಮಾ? ಗ್ರೆನೋಬ್ಲಿನಲ್ಲಿ ಆಗಲೇ ಬೆಟ್ಟದ ಮೇಲೆ ಹಿಮ ಬಿದ್ದಿದೆ ಅಂದೆಯಲ್ಲ, ಎದೆಗೆ ತಣ್ಣನೆ ಗಾಳಿ ತಾಗದ ಹಾಗೆ ನೋಡಿಕೋ. ಹೋದ ವರ್ಷದ ಕೆಮ್ಮು ಮತ್ತೆ ಬಂದರೆ ಅಮ್ಮ ಮಾಡಿಕೊಡುತ್ತಿದ್ದ ಹಾಗೆ ನಿಂಬೆರಸಕ್ಕೆ ಕಬ್ಬಿನ ಪಾಕ ಕಲಸಿ, ಮೇಲೆ ಒಂದು ಗುಟುಕು ರಮ್ ಹಾಕಿ ಬಿಸಿಬಿಸಿಯಾಗಿ ಕುಡಿ. ನರ್ಸಿಗೇ ಔಷಧಿ ಹೇಳಿಕೊಡುತ್ತಾರೆ ಅಂತ ನಗಬೇಡ. ಅದನ್ನೇ ಕುಡಿದು ನೀನು ಇಷ್ಟುದ್ದ ಬೆಳೆದದ್ದು. ಬ್ರುನೋನ ಬೆನ್ನುನೋವು ವಾಸಿಯಾಯಿತೇ? ಕುರ್ಚಿಯಲ್ಲಿ ಕೂತು ಕೂತು ಬರುವ ನೋವು ಅದು, ಅಳಿಯನಿಗೆ ಒಂದು ವಾರ ಕಬ್ಬು ಕಡಿಯಲು ಕೊಟ್ಟರೆ ಹೋಗುತ್ತದೆ ಅಂತ ನಾನು ಹೇಳಿದೆ ಎಂದು ಹೇಳು. ನನಗೇನಾಗಿದೆ, ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಳೆ ಬರುವ ಮುಂಚೆ ಸುದ್ದಿ ಕೊಡುತ್ತದೆ. ಹಿತ್ತಲ ದೀವಿಹಲಸಿನ ಮರ ಈ ಸಲ ಹುಚ್ಚು ಹಿಡಿದ ಹಾಗೆ ಬಿಟ್ಟಿದೆ, ತಿನ್ನುವವರಿಲ್ಲ, ಪಕ್ಕದ ಮನೆಯ ಹಂದಿಗಳು ಮಾತ್ರ ನುಣ್ಣಗಾಗಿವೆ.

ಗುರುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಈ ಕಾಗದ. ‘ನೀವು ಬಾಯಲ್ಲಿ ಹೇಳಿದರೆ ಒಂದಕ್ಕೆ ಹತ್ತು ಸೇರಿಸಿ ಎಲ್ಲಿಗೋ ಹೋಗ್ತೀರಿ ಅಪ್ಪಾ, ಬರೆದು ಕಳಿಸಿ’ ಅಂದೆ. ಫೆಬ್ರವರಿಯಲ್ಲಿ ಬ್ರುನೋನ ಅಪ್ಪ ಅಮ್ಮ ನಿಮ್ಮ ಜೊತೆ ಬರುತ್ತಾರೆ, ಅವರು ಎಲ್ಲಿ ಉಳಿಯಬೇಕು, ಏನೇನು ನೋಡಬೇಕು, ಎಲ್ಲ ಬೇಕು. ಆಗಲಿ. ಏನು ನೋಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ. ಎಲ್ಲಿ ಉಳಿಯಬೇಕು ಅಂತ ಕೇಳಿದೆಯಲ್ಲ, ಆ ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿದೆ. ನಿನ್ನ ಅಮ್ಮ ಸುಣ್ಣ ಬಳಿದು, ಪರದೆ ಹೊಲಿದು, ಬಂದವರಿಗೆಲ್ಲ ಬಾಡಿಗೆಗೆ ಕೊಡುತ್ತಿದ್ದ ಎರಡು ಕೋಣೆ ನಮ್ಮ ಮನೆಯಲ್ಲೇ ಇವೆ. ಅದು ನಿನಗೆ ಮರೆತಿರಲಿಕ್ಕಿಲ್ಲ. ಮಾನ್ ಟಿಟಿನ್ ಅಜ್ಜಿಯ ಸೋದರ ಸೊಸೆ ನಿನ್ನ ಆಸ್ಪತ್ರೆಯಲ್ಲೇ ಕೆಲಸ ಮಾಡುವುದು ನನಗೂ ಮರೆತಿಲ್ಲ. ನಮ್ಮೂರ ಸುದ್ದಿಗೆ ವಿಮಾನದ ಟಿಕೆಟ್ಟು ಬೇಕಾಗಿಲ್ಲ. ಇರಲಿ, ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಗ್ರಾಂ-ಬೂರಿನಲ್ಲಿ ಹಡಗುಕಟ್ಟೆಯ ಎದುರು ಮಹಡಿ ಮನೆಗಳಿವೆ, ಚೊಕ್ಕಟ. ಆದರೆ ನಸುಕಿಗೇ ಹಡಗು ಕೂಗುತ್ತದೆ, ಆಮೇಲೆ ಮೀನಿನವರು ಕೂಗುತ್ತಾರೆ, ಆಮೇಲೆ ಮೀನು ಕೊಳ್ಳುವವರು. ನಿನ್ನ ಅತ್ತೆಗೆ ಬೆಳಗಿನ ನಿದ್ದೆ ಮುಖ್ಯ ಅಂದಿದ್ದೆ, ಆದ್ದರಿಂದ ಅಲ್ಲಿ ಬೇಡ. ಸೇಂ-ಲೂಯಿಯಲ್ಲಿ ಕೊಲ್ಲಿಯ ದಂಡೆಗೇ ಮರದ ಪುಟ್ಟ ಮನೆಗಳಿವೆ, ಸೂರ್ಯ ಮುಳುಗುವುದು ಜಗುಲಿಗೇ ಕಾಣುತ್ತದೆ, ಸೊಳ್ಳೆಯೂ ಅದೇ ಹೊತ್ತಿಗೆ ಬರುತ್ತದೆ. ನಮ್ಮ ಕಪೆಸ್ಟೇರಿನಲ್ಲಿ ಫೆಯ್ಯೇರ್ ದಂಡೆಯ ಹಿಂದೆ ಎರಡು ಮೂರು ಹೊಸ ಮನೆಗಳಾಗಿವೆ, ಈಜುಕೊಳ ಬೇರೆ ಕಟ್ಟಿಸಿದ್ದಾರೆ; ಎದುರಿಗೇ ಸಮುದ್ರ ಬಿದ್ದುಕೊಂಡಿರುವಾಗ ಕೊಳ ಯಾಕೋ, ದೇವರಿಗೇ ಗೊತ್ತು. ಮೂರರಲ್ಲಿ ಯಾವುದಾದರೂ ಸರಿ, ಹೇಳು, ನಾನೇ ಹೋಗಿ ಹಾಸಿಗೆ ಒತ್ತಿ ನೋಡಿ ಬರುತ್ತೇನೆ.

ನೋಡುವುದಕ್ಕೆ, ಫೆಬ್ರವರಿಯಲ್ಲಿ ಕಬ್ಬಿನ ಕಟಾವು ಶುರುವಾಗಿರುತ್ತದೆ, ಎತ್ತಿನ ಗಾಡಿಗಳು ರಸ್ತೆ ತುಂಬ. ಹಿಂದೆ ಕಾರಿನಲ್ಲಿ ಕೂತು ಹಾರನ್ ಹೊಡೆಯಬೇಡಿ ಅಂತ ಬ್ರುನೋನ ಅಪ್ಪನಿಗೆ ಮೊದಲೇ ಹೇಳಿಡು. ಹೋದ ವರ್ಷ ಯಾರೋ ಹೊಡೆದದ್ದಕ್ಕೆ ಗಾಡಿಯವನು ಇಳಿದು ಬಂದು, ‘ಸ್ವಾಮೀ, ಎತ್ತಿಗೆ ಫ್ರೆಂಚ್ ಬರಲ್ಲ, ನೀವೇ ಮುಂದೆ ಬಂದು ಎಳೀರಿ’ ಅಂದನಂತೆ. ಉತ್ತರದ ತುದಿಯ ಬಂಡೆಯಲ್ಲಿ ಸಮುದ್ರ ಕೊರೆದ ದೊಡ್ಡ ಬಾಯಿ ನೋಡಬೇಕು, ಆದರೆ ಅಂಚಿಗೆ ಹೋಗಬಾರದು. ಬೆಜಾರ್ ಅನ್ನುವ ಕಡೆಯ ಹಳೇ ಗಾಳಿಗಿರಣಿ ನೋಡಬೇಕು. ವಿಯ್ಯೂ-ಫೋರಿನ ಹೊಳೆಯಲ್ಲಿ ದೋಣಿಯಲ್ಲಿ ಹೋಗಬೇಕು, ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಏಡಿಗಳು ಬೇರಿನ ಮೇಲೆ ನಡೆಯುವುದು ಕೇಳುತ್ತದೆ. ಬೆಂಕಿಯ ಮೇಲೆ ಆಗಷ್ಟೇ ಬೆಂದ ಮರಗೆಣಸಿನ ರೊಟ್ಟಿ ತಿನ್ನಬೇಕು. ರಮ್ ಬಟ್ಟಿಯ ಮನೆಗೆ ಊಟಕ್ಕೆ ಮುಂಚೆ ಹೋಗಬಾರದು.

ಇದನ್ನೆಲ್ಲ ನಾನು ಈಗ ನಿದ್ದೆಯಲ್ಲೂ ಹೇಳಬಲ್ಲೆ, ಮಗಳೇ. ಅಮ್ಮ ಹೋದ ಮೇಲೆ ನಾನು ಇದೇ ಆಗಿದ್ದೇನೆ. ಬಂದವರನ್ನು ಕರೆದುಕೊಂಡು ದ್ವೀಪ ಸುತ್ತುವುದು, ತೋರಿಸುವುದು, ಮಾತಾಡುವುದು. ಮನೆಯಲ್ಲಿ ಒಬ್ಬನೇ ಕೂತರೆ ಅವಳ ಹೊಲಿಗೆ ಯಂತ್ರ ನನ್ನನ್ನೇ ನೋಡುತ್ತದೆ. ಫ್ರೆಂಚರು ಬಂದರೆ ಫ್ರೆಂಚ್, ಉಳಿದವರಿಗೆ ಪ್ವಾಂತ್-ಆ-ಪಿತ್ರಿನ ಕಾಲೇಜಿನಲ್ಲಿ ಎರಡು ವರ್ಷ ಕಲಿತು ಅರ್ಧ ಮರೆತ ಇಂಗ್ಲಿಷ್. ಕಳೆದ ತಿಂಗಳ ಕೊನೆಗೆ ಕೆನಡಾದಿಂದ ಗಂಡ ಹೆಂಡತಿ ಬಂದಿದ್ದರು. ಹೆಂಗಸಿನ ಹೆಸರು ವಿನಿಫ್ರೆಡ್, ನನ್ನಷ್ಟೇ ವಯಸ್ಸು, ಒಳ್ಳೆಯ ಜೀವ. ಹಡಗುಕಟ್ಟೆಯಲ್ಲಿ ಕೈ ಕುಲುಕಿ ಏನಾದರೂ ಗಂಭೀರವಾಗಿ ಹೇಳೋಣ ಅಂತ ಬಾಯಿ ತೆರೆದರೆ ಬಂದದ್ದು ಪಾಠದ ಪುಸ್ತಕದ ವಾಕ್ಯ: ‘ದಯವಿಟ್ಟು ಕಿಟಕಿಯನ್ನು ಮುಚ್ಚುವಿರಾ?’ ಆಕೆ ಸುತ್ತಮುತ್ತ ಕಿಟಕಿ ಹುಡುಕಿದಳು. ವಾರವಿಡೀ ಹೀಗೆಯೇ ನಡೆಯಿತು, ನಾನು ಎಡವುವುದು, ಅವರು ನಗುವುದು. ನಮ್ಮ ಮನೆಗೆ ತಿರುಗುವ ಓಣಿಯಲ್ಲಿ ಎರಡೂ ಕಡೆ ಸುಣ್ಣ ಬಳಿದ ಶಂಖಗಳ ಸಾಲು ನೋಡಿ ಆಕೆ ಎಷ್ಟು ಸಂತೋಷಪಟ್ಟಳೆಂದರೆ, ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು. ನಾನೂ ಹಿಗ್ಗಿದೆ.

ಆ ಶಂಖಗಳು ಯಾವುವು ಅಂತ ನೀನು ಕೇಳುತ್ತೀಯ, ಗೊತ್ತು. ಅವೇ. ಅಮ್ಮ ಮೀನಿನವರ ಹತ್ತಿರ ಶಂಖದ ಮಾಂಸ ಕೊಂಡಾಗಲೆಲ್ಲ ಚಿಪ್ಪನ್ನೂ ಇಸಿದುಕೊಂಡು ಬಂದು, ತೊಳೆದು, ಹಿತ್ತಲ ಗೋಡೆಯ ಬುಡಕ್ಕೆ ಕವುಚಿಡುತ್ತಿದ್ದಳಲ್ಲ. ‘ಇವು ನನ್ನ ಹಾಸಿಗೆ ಸುತ್ತ ಇಡೋಕೆ. ಇವನ್ನ ಬೇರೆಲ್ಲಾದ್ರೂ ಇಟ್ರೋ, ಎದ್ದು ಬಂದು ಕೇಳ್ತೀನಿ ನೋಡಿ’ ಅಂತ ನಗುತ್ತಿದ್ದಳು. ಅವಳ ಅಮ್ಮನ ಗೋರಿಗೂ ಅವಳೇ ಹಾಗೆ ಸುತ್ತ ಶಂಖ ಹೂಳಿದ್ದು. ಅವಳನ್ನು ಮಣ್ಣು ಮಾಡಿದ ಮೇಲೆ, ಮಣ್ಣು ಕೂತ ಮೇಲೆ ಇಡೋಣ ಅಂದುಕೊಂಡೆ. ಮಣ್ಣು ಕೂತಿತು. ನಾನು ಆ ಕಡೆ ಹೋಗಲಿಲ್ಲ. ದ್ವೀಪದಲ್ಲಿ ನಾನು ಕಾಲಿಡದ ಜಾಗ ಅದೊಂದೇ ಆಗಿಬಿಟ್ಟಿತು. ಹಿತ್ತಲಲ್ಲಿ ಸುಮ್ಮನೆ ಬಿದ್ದಿವೆಯಲ್ಲ, ಬಂದವರಿಗೆ ತಿರುವು ತಿಳಿಯಲಿ ಅಂತ ಹೋದ ಮಳೆಗಾಲದಲ್ಲಿ ಅವನ್ನು ತಂದು ಓಣಿಗೆ ಹೂಳಿಬಿಟ್ಟೆ. ಯಾರೂ ಎದ್ದು ಬಂದು ಕೇಳಲಿಲ್ಲ.

ಸಕಲ ಸಂತರ ಹಬ್ಬದ ಸಂಜೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ನೋಡಬೇಕಾದದ್ದರಲ್ಲಿ ಅದಕ್ಕಿಂತ ಚಂದದ್ದು ಇಲ್ಲ ಅಂತ ವಾರದಿಂದ ಆ ದಂಪತಿಗಳಿಗೆ ಹೇಳುತ್ತಾ ಬಂದಿದ್ದೆ. ಹಬ್ಬದ ಮುಂಚಿನ ದಿನಗಳಲ್ಲಿ ಎಲ್ಲರೂ ತಮ್ಮವರ ಗೋರಿಯ ಹುಲ್ಲು ಕಿತ್ತು, ಸುಣ್ಣ ಬಳಿದು, ಶಿಲುಬೆಯ ಮೇಲಿನ ಹೆಸರಿಗೆ ಮತ್ತೆ ಬಣ್ಣ ತುಂಬುತ್ತಾರೆ. ನಾನು ಆ ದಿನಗಳಲ್ಲಿ ಗಾಳಿಗಿರಣಿ ತೋರಿಸುತ್ತಿದ್ದೆ. ಜೇಬಿನಲ್ಲಿ ಮೇಣದಬತ್ತಿಯ ಪೊಟ್ಟಣ ಇಟ್ಟುಕೊಂಡಿದ್ದೆ, ಅದು ಸುಳ್ಳಲ್ಲ. ಇವರನ್ನು ಮನೆಗೆ ಕಳಿಸಿ, ಆಮೇಲೆ ನಾನೊಬ್ಬನೇ ಅಮ್ಮ ಮಲಗಿರುವ ಸಮುದ್ರದ ಕಡೆಯ ಮೂಲೆಗೆ ಹೋಗೋಣ ಅಂತ. ಹೊತ್ತು ಮುಳುಗುವ ಹೊತ್ತಿಗೆ ಸ್ಮಶಾನದೊಳಗೆ ಹೋದೆವು. ನಿನಗೆ ನೆನಪಿದೆಯಲ್ಲ, ಗೇಟಿನಲ್ಲಿ ತೆಂಗಿನಹಾಲಿನ ಐಸು ತಿರುವುವವನು, ಗೋರಿಯ ಕಟ್ಟೆ ಮೇಲೆ ಕೂತು ಕಡಲೆಕಾಯಿ ಸುಲಿಯುವವರು, ಸತ್ತವರಿಗೆ ವರ್ಷದ ಸುದ್ದಿಯನ್ನೆಲ್ಲ ಒಪ್ಪಿಸುವ ಹೆಂಗಸರು, ದಂಡೆಯವರೆಗೂ ದೀಪ. ಯಾರೋ ಕೂಗಿದರು, ‘ಏನ್ ಗ್ರಾಸಿಯೆನ್, ಮೆರವಣಿಗೆ ಕರ್ಕೊಂಡ್ ಬಂದ್ಯಾ? ಟಿಕೆಟ್ ಎಷ್ಟು?’ ನಾನು ಟೋಪಿ ಎತ್ತಿ ನಕ್ಕೆ. ನಡುವಿನ ದೊಡ್ಡ ಶಿಲುಬೆಯ ಹತ್ತಿರ ನಿಲ್ಲಿಸಿ, ಇಲ್ಲೇ ಹಚ್ಚಿ, ಇದು ದೂರದಲ್ಲಿ ಸತ್ತವರಿಗೆ ಅಂತ ಹೇಳಿಕೊಟ್ಟೆ. ವಿನಿಫ್ರೆಡ್ ಒಂದು ಬತ್ತಿ ಕೈಯಲ್ಲಿ ಹಿಡಿದವಳು ಹಚ್ಚದೆ ಮುಂದೆ ನಡೆದುಬಿಟ್ಟಳು. ಸಮುದ್ರದ ಮೂಲೆಗೆ. ನಾನು ಹಿಂದೆಯೇ ಓಡಿದೆ.

ಅಷ್ಟು ದೀಪಗಳ ನಡುವೆ ಒಂದೇ ಒಂದು ಕತ್ತಲ ತುಂಡು, ರೋಸ್ಲಿನ್. ಮೊಣಕಾಲೆತ್ತರ ಹುಲ್ಲು. ಶಿಲುಬೆ ಒಂದು ಕಡೆ ವಾಲಿದೆ, ಉಪ್ಪುಗಾಳಿಗೆ ಯುಲಾಲಿ ಅನ್ನುವ ಹೆಸರು ಅಳಿಸಿಹೋಗಿದೆ. ಅದರ ಮುಂದೆ ನಿಂತು ಆಕೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, ‘ಅಯ್ಯೋ ಪಾಪ, ಇದು ಯಾರದು? ಇವರಿಗೆ ಯಾರೂ ಇಲ್ಲವೇ?’ ನಾನು ಹೇಳಿದೆ, ‘ಇಲ್ಲ. ಇವಳಿಗೆ ಯಾರೂ ಇಲ್ಲ.’ ವಾರವಿಡೀ ತೊದಲಿದ ನಾಲಗೆಗೆ ಅದೊಂದು ವಾಕ್ಯ ತಪ್ಪಿಲ್ಲದೆ, ತಡೆಯಿಲ್ಲದೆ ಬಂತು. ಇಂಗ್ಲಿಷಿನಲ್ಲಿ ಹೇಳಿದ್ದು ಯಾರಿಗೆ ತಿಳಿಯುತ್ತದೆ ಅಂತ ಒಳಗೆಲ್ಲೋ ಧೈರ್ಯವೂ ಇತ್ತು. ಆಕೆ ಮಂಡಿಯೂರಿ, ಕೈಯಿಂದ ಹುಲ್ಲು ಸರಿಸಿ, ತನ್ನ ಬತ್ತಿಯನ್ನು ಅಲ್ಲಿ ನೆಟ್ಟು ಹಚ್ಚಿದಳು. ಆಕೆಯ ಗಂಡ ಟೋಪಿ ತೆಗೆದ. ನಾನೂ ತೆಗೆದೆ, ದಾರಿಹೋಕನ ಹಾಗೆ. ಜೇಬಿನ ಪೊಟ್ಟಣ ತೊಡೆಗೆ ಒತ್ತುತ್ತಿತ್ತು. ತಲೆ ಎತ್ತಿದರೆ ಪಕ್ಕದ ಗೋರಿಯಲ್ಲಿ ಮಾನ್ ಟಿಟಿನ್ ಸುಣ್ಣದ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ. ಪ್ರಾಯದಲ್ಲಿ ಎದುರಿನ ಡೊಮಿನಿಕಾಕ್ಕೆ ದೋಣಿಯಲ್ಲಿ ಹೋಗಿ ಅಲ್ಲಿನ ಸಂತೆಯಲ್ಲಿ ಇಂಗ್ಲಿಷಿನಲ್ಲೇ ಚೌಕಾಸಿ ಮಾಡಿ ಬದುಕಿದವಳು ಅವಳು. ಅದು ನನಗೆ ಆಗ ನೆನಪಾಯಿತು.

ಮಾರನೆ ದಿನ ಬೆಳಕು ಹರಿಯುವ ಮುಂಚೆ ಓಣಿಯ ಶಂಖಗಳನ್ನೆಲ್ಲ ಕಿತ್ತು ಕೈಗಾಡಿಗೆ ತುಂಬಿ, ಊರ ನಡುವಿನ ರಸ್ತೆಯಲ್ಲೇ ತಳ್ಳಿಕೊಂಡು ಹೋದೆ. ಬೇರೆ ದಾರಿಯಿತ್ತು, ಅದರಲ್ಲಿ ಹೋಗಲಿಲ್ಲ. ಮಾನ್ ಟಿಟಿನ್ ನನಗಿಂತ ಮುಂಚೆಯೇ ಬಂದು ಆರಿದ ಬತ್ತಿ ಹೆಕ್ಕುತ್ತಿದ್ದಳು. ‘ಬಾರಪ್ಪಾ. ನಿನ್ನೆ ಇವಳಿಗೆ ಯಾರೂ ಇರಲಿಲ್ಲ. ಇವತ್ತೆಲ್ಲಿಂದ ಹುಟ್ಕೊಂಡ ಗಂಡ?’ ಅಂದಳು. ನಾನು ಹುಲ್ಲು ಕೀಳತೊಡಗಿದೆ. ಅವಳು ಬಿಡಲಿಲ್ಲ. ‘ಕಾಲೇಜಿಗೆ ಹೋಗಿ ಕಲಿತದ್ದು ಇದೇನಾ? ನಮ್ಮ ಮಾತಲ್ಲಿ ಹೇಳೋಕೆ ನಾಚಿಕೆಯಾಗೋದನ್ನ ಅವರ ಮಾತಲ್ಲಿ ಹೇಳೋದು? ಯುಲಾಲಿ ನಿನ್ನ ಊಟಕ್ಕೆ ಕರೀತಿದ್ದದ್ದು ಯಾವ ಮಾತಲ್ಲಿ?’ ನಾನು ಕಿತ್ತ ಹುಲ್ಲನ್ನೇ ಮತ್ತೆ ಕೀಳುತ್ತಿದ್ದೆ ಅಂತ ಕಾಣುತ್ತದೆ, ಯಾಕೆಂದರೆ ಸ್ವಲ್ಪ ಹೊತ್ತಾದ ಮೇಲೆ ಅವಳು ಬಕೆಟ್ಟನ್ನು ಕಾಲಿನಲ್ಲಿ ನನ್ನ ಕಡೆ ನೂಕಿ, ‘ಸುಣ್ಣ ಉಳಿದಿದೆ. ತಲೆ ಕಡೆಯಿಂದ ಶುರು ಮಾಡು. ಬಾಯಿ ಕೆಳಗೆ ಮಾಡಿ ಹೂಳು, ಇಲ್ದಿದ್ರೆ ನೀರು ನಿಂತು ಸೊಳ್ಳೆ ಆಗ್ತದೆ, ಅವಳು ಬೈತಾಳೆ’ ಅಂದಳು.

ವಿನಿಫ್ರೆಡ್ ಬುಧವಾರ ಹೊರಟಳು. ಓಣಿಯ ಶಂಖಗಳು ಎಲ್ಲಿ ಹೋದವು ಅಂತ ಕೇಳಿದಳು. ಹಡಗುಕಟ್ಟೆಯಲ್ಲಿ ನನ್ನ ಎರಡೂ ಕೈ ಹಿಡಿದು, ಯಾರೂ ಇಲ್ಲದ ಆ ಗೋರಿಗೆ ಮುಂದಿನ ವರ್ಷ ತನ್ನ ಪರವಾಗಿ ಒಂದು ದೀಪ ಹಚ್ಚುತ್ತೀರಾ ಅಂದಳು. ಆಗಲೂ ಹೇಳಬಹುದಿತ್ತು. ಹಚ್ಚುತ್ತೇನೆ ಅಂದೆ. ಹಡಗು ಕೊಲ್ಲಿ ದಾಟುವವರೆಗೂ ಕೈ ಬೀಸುತ್ತಾ ನಿಂತಿದ್ದೆ, ಒಳ್ಳೆಯ ಮನುಷ್ಯನ ಹಾಗೆ. ಗುರುವಾರ ನಿನ್ನ ಫೋನು ಬಂತು, ಎಲ್ಲಿ ಉಳಿಯಬೇಕು ಅಂತ.

ನಿನಗೆ ಯಾರು ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ. ಹೇಳಿದ್ದರೆ ಅದು ನಿಜ, ಹೇಳಿಲ್ಲದಿದ್ದರೆ ನಾನೇ ಹೇಳಿದ ಹಾಗಾಯಿತು. ಸೇಂ-ಲೂಯಿಯ ಮರದ ಮನೆಗಳೇ ವಾಸಿ ಅನ್ನಿಸುತ್ತದೆ. ಸೊಳ್ಳೆಪರದೆ ಕೇಳಿ ಪಡೆಯಿರಿ. ಬ್ರುನೋಗೂ ಅವನ ಅಪ್ಪ ಅಮ್ಮನಿಗೂ ನನ್ನ ನಮಸ್ಕಾರ. ನಿನ್ನ ನೆತ್ತಿಯ ಮೇಲೆ ಅಮ್ಮನ ಕೈಯೂ ಇರಲಿ, ನನ್ನದು ಅದರ ಕೆಳಗೆ. ಬೆಚ್ಚಗಿರು ಕಂದಾ.

ನಿನ್ನ ಅಪ್ಪ,
ಗ್ರಾಸಿಯೆನ್

ಮರೆತಿದ್ದೆ, ಸೋಮವಾರ ಬೆಳಿಗ್ಗೆ ಅಂಚೆಯವನು ಬರುವ ಮೊದಲು ಗೀಚುತ್ತಿದ್ದೇನೆ. ನಿಮ್ಮ ನಾಲ್ವರಿಗೂ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ, ಪರದೆಗಳನ್ನೂ ಒಗೆದಿದ್ದೇನೆ, ಅಮ್ಮ ಹೊಲಿದವೇ. ಬಾ ಅಂತ ಕರೆಯಲು ಬಾಯಿ ಬರುತ್ತಿಲ್ಲ, ಬಂದರೆ ಇರಲಿ ಅಂತ. ಆದರೆ ಓಣಿಯಲ್ಲಿ ಈಗ ಬಿಳಿ ಶಂಖಗಳಿಲ್ಲ, ಟ್ಯಾಕ್ಸಿಯವನಿಗೆ ತಿರುವು ಸಿಗುವುದಿಲ್ಲ. ಅದಕ್ಕೆ ಸ್ಮಶಾನದ ಗೇಟಿನಲ್ಲೇ ಇಳಿದುಬಿಡಿ. ಸಂಜೆ ಹೊತ್ತು ನಾನು ಅಲ್ಲೇ ಇರುತ್ತೇನೆ, ಅಮ್ಮನ ಸುತ್ತ ನೆಟ್ಟ ಗಿಡಗಳಿಗೆ ನೀರು ಹಾಕುತ್ತಾ. ನಿನ್ನ ಅತ್ತೆ ಮಾವನಿಗೆ ಇಲ್ಲಿ ಮೊದಲು ತೋರಿಸಬೇಕಾದವಳು ಅವಳು, ಸಮುದ್ರ ಆಮೇಲೆ. ಇವಳು ನನ್ನ ಹೆಂಡತಿ ಅಂತ ನಾನೇ ಹೇಳುತ್ತೇನೆ, ನಮ್ಮ ಮಾತಿನಲ್ಲಿ, ಆ ಕಡೆ ಕೂತ ಮಾನ್ ಟಿಟಿನ್‌ಗೂ ಕೇಳಿಸುವ ಹಾಗೆ. ಅಲ್ಲಿಂದ ಮನೆಗೆ ನಡೆಯುವುದೋ, ಟ್ಯಾಕ್ಸಿಗೆ ಸೇಂ-ಲೂಯಿ ಅನ್ನುವುದೋ, ಅದು ನಿನ್ನ ಇಷ್ಟ.