ಏಳು ಸಲ ಮುಂದೂಡಿದ ಗಡಿಕಲ್ಲು

ನೆರಿಯ
೧೨-೧-೨೦೨೫

ಪ್ರೀತಿಯ ಸುರಕ್ಷಾ,

ಅಜ್ಜಿಯ ಆಶೀರ್ವಾದ. ಮಸ್ಕತ್ತಿನಲ್ಲಿ ನಿನ್ನ ಬೆನ್ನುನೋವು ಈಗ ಹೇಗುಂಟು? ಆಸ್ಪತ್ರೆಯಲ್ಲಿ ಊರವರ ಬೆನ್ನು ನೋಡುವವಳು ನಿನ್ನದಕ್ಕೂ ಸ್ವಲ್ಪ ಎಣ್ಣೆ ಹಚ್ಚಿಕೋ. ನಾನು ಗಟ್ಟಿ ಇದ್ದೇನೆ. ಸಿಟ್ಟು ಇರುವವರ ಹತ್ತಿರ ಕಾಯಿಲೆ ಸುಳಿಯುವುದಿಲ್ಲ.

ನಾಲ್ಕನೇ ಕ್ಲಾಸಿನವರೆಗೆ ಓದಿಯೂ ಕಲಿಯದ ಒಂದು ಶಬ್ದವನ್ನು ಈ ಎರಡು ವರ್ಷದಲ್ಲಿ ತಾಲೂಕು ಕಚೇರಿ ನನಗೆ ಕಲಿಸಿತು: ಮುಂದೂಡಲಾಗಿದೆ. ಬಾವಿಯ ದಾರಿ ನಮ್ಮದೋ ನನ್ನ ನಾದಿನಿ ಸೇಸಮ್ಮನದೋ ಎಂದು ತೀರ್ಮಾನಿಸಲು ಏಳು ಸಲ ಕರೆದರು. ಏಳು ಸಲವೂ ಬಾಗಿಲಲ್ಲಿ ಅದೇ ಚೀಟಿ. "ಹಾಗೆಂದರೆ ಎಂತ ಮಾರಾಯ?" ಎಂದು ಗುಮಾಸ್ತನನ್ನು ಕೇಳಿದೆ. "ಇವತ್ತು ಇಲ್ಲ ಅಜ್ಜಿ, ಇನ್ನೊಂದು ದಿನ ಉಂಟು" ಎಂದ. ಯಾವತ್ತು ಎಂದರೆ, "ಅದನ್ನು ಆಮೇಲೆ ತಿಳಿಸ್ತೇವೆ." ಗಂಜಿ ಬಡಿಸುವ ಹೊತ್ತಿಗೆ ನಾನು ಹಾಗೆ ಹೇಳಿದ್ದರೆ ನಿನ್ನ ಅಜ್ಜ ಮನೆಯ ಹಂಚು ಹಾರಿಸುತ್ತಿದ್ದರು.

ಬೆಳ್ತಂಗಡಿಯ ಆ ಕಚೇರಿಗೆ ಹೋಗಲು ಬೆಳಿಗ್ಗೆ ನಮಗೆ ಆಗುವುದು ಒಂದೇ ಬಸ್ಸು. ನಾನು, ಸೇಸಮ್ಮ, ಇಬ್ಬರಿಗೂ ಸಾಕ್ಷಿಯಾದ ಚಿನ್ನಯ್ಯ, ಮೂವರೂ ಅದರಲ್ಲೇ. ಹಿಂದೆ ಜಾಗ ಅಳೆದಾಗ ಸರಪಳಿ ಹಿಡಿದವರಲ್ಲಿ ಉಳಿದವನು ಅವನೊಬ್ಬನೇ. ಮಣ್ಣಿನಡಿಯ ಗಡಿಕಲ್ಲು ಎಲ್ಲಿದೆಯೆಂದು ಅವನಿಗೆ ಮಾತ್ರ ಗೊತ್ತು. ಕೇಳಿದರೆ, "ಸಾಹೇಬರ ಎದುರೇ ಹೇಳ್ತೇನೆ. ಇಲ್ಲದಿದ್ದರೆ ಒಬ್ಬರ ಅನ್ನ ಉಂಡು ಹೇಳಿದ ಹಾಗೆ ಆಗ್ತದೆ" ಎನ್ನುತ್ತಿದ್ದ. ಎರಡು ವರ್ಷ ನಮ್ಮಿಬ್ಬರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟಲಿಲ್ಲ, ಹಠಮಾರಿ.

ಏಳನೇ ಚೀಟಿ ನೋಡಿದ ದಿನ ಚಿನ್ನಯ್ಯ ಬಸ್ಸಿಳಿದು ಮನೆಗೆ ಹೋಗಲಿಲ್ಲ. "ಆ ಚೀಟಿ ನಿಮಗೆ ಆದೀತು. ನನಗೆ ವರ್ಷ ಎಂಬತ್ತೇಳು" ಎಂದು ನೇರ ಬಾವಿದಾರಿಗೆ ನಡೆದು ಕೋಲು ಊರಿದ. ಸೇಸಮ್ಮ ಹಾರೆ ತಂದಳು, ನಾನು ಮಣ್ಣು ಎತ್ತಿದೆ. ಮೊಣಕಾಲು ಆಳದಲ್ಲಿ ಕಲ್ಲು ಸಿಕ್ಕಿತು. ಆಮೇಲೆ ಅವಳು ತಂದ ನೀರು ಅರ್ಧ ಲೋಟ, ನಾನು ತಂದದ್ದು ಅರ್ಧ ಲೋಟ ಕುಡಿದ. ಅಷ್ಟು ಕೆಲಸಕ್ಕೆ ಕಚೇರಿಗೆ ಎರಡು ವರ್ಷ ಸಾಲಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ದೇಯಿ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಕಲ್ಲು ಸಿಕ್ಕಿದ್ದು ನಾನು ಹಾಕಿದ ಬೇಲಿಗಿಂತ ನಾಲ್ಕು ಮಾರು ಈಚೆಗೆ, ನಮ್ಮ ಮನೆಯ ಕಡೆಗೆ. ದಾರಿ ಸೇಸಮ್ಮನದೇ. ಬೇಲಿ ಕಿತ್ತಿದ್ದೇನೆ. ಜಾಗ ನಿನ್ನ ಹೆಸರಿನಲ್ಲಿರುವುದರಿಂದ ರಾಜಿಪತ್ರಕ್ಕೆ ನಿನ್ನ ಸಹಿ ಬೇಕಂತೆ, ಇದರೊಳಗೆ ಇಟ್ಟಿದ್ದೇನೆ. ಚಿನ್ನಯ್ಯ ಮೊನ್ನೆ ತೀರಿಕೊಂಡ. ಸಾಕ್ಷಿ ಹೇಳಲು ಬಾ ಎಂದು ಎಂಟನೇ ಸಲದ ನೋಟೀಸು ಅವನಿಗೆ ನಿನ್ನೆ ಬಂತು. ಮುಂದಿನ ರಜೆಗೆ ಬಂದಾಗ ಸಹಿ ಹಾಕ್ತೇನೆ ಎಂದು ಬರೆಯಬೇಡ ಮಗಾ. ಆ ಮಾತಿನ ಅರ್ಥ ನನಗೀಗ ಗೊತ್ತುಂಟು.