ನೆಸ್ಟಾಳ ಮದುವೆಯ ಕೇಕಿಗೆ ಬಿದ್ದ ಮೊಹರು

ಕೇಕಿನ ಡಬ್ಬಿಯನ್ನು ದಸ್ತಗಿರಿ ಮಾಡಿದ ಮಾನ್ಯ ಆಹಾರ ತಪಾಸಣಾಧಿಕಾರಿಗಳೇ,

ಕಳೆದ ಮಂಗಳವಾರ ನನ್ನ ಚಹಾದಂಗಡಿಯ ಉಗ್ರಾಣದಿಂದ ತಾವು ಹೊತ್ತೊಯ್ದ ತಗಡಿನ ಡಬ್ಬಿಯಲ್ಲಿದ್ದದ್ದು ಮಾರಾಟದ ಸರಕಲ್ಲ. ಅದು ನಮ್ಮ ಪಕ್ಕದ ಮನೆಯ ನೆಸ್ಟಾಳ ಮದುವೆಯ ಕೇಕಿನ ಕೊನೆಯ ತುಂಡು. ಸೋಮವಾರ ಅದನ್ನು ನಾಶಪಡಿಸಲಾಗುವುದು ಎಂದು ನನ್ನ ಬಾಗಿಲಿಗೆ ನೋಟೀಸು ಅಂಟಿಸಿದ್ದೀರಿ. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಅವಳ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತದೆ. ಮುಹೂರ್ತವನ್ನು ತಾವೇ ನೋಡಿದಿರೋ, ಕಚೇರಿಯಲ್ಲಿ ಅದಕ್ಕೂ ಒಬ್ಬರಿದ್ದಾರೋ?

ರಾಜಧಾನಿಯಿಂದ ಬಂದ ತಮಗೆ ಗೊತ್ತಿಲ್ಲವೆಂದು ಸದ್ಯಕ್ಕೆ ಭಾವಿಸಿ ಹೇಳುತ್ತೇನೆ. ನಮ್ಮ ಈ ಚುಬುತ್ ಕಣಿವೆಯಲ್ಲಿ, ಸಮುದ್ರದಾಚೆಯ ವೇಲ್ಸ್ ಮೂಲದವರ ಮನೆಯಲ್ಲಿ ಮದುವೆ ಎಂದರೆ ಕರಿ ಕೇಕು ಇರಲೇಬೇಕು. ಕೆಳಗಿನ ಅಂತಸ್ತು ನೆಂಟರಿಷ್ಟರಿಗೆ, ಮೇಲಿನದು ಡಬ್ಬಿಗೆ. ಪ್ರತಿವರ್ಷ ಮದುವೆಯ ದಿನ ಗಂಡಹೆಂಡತಿ ಡಬ್ಬಿ ತೆರೆದು ಒಂದೊಂದು ಚೂರು ತಿಂದು, ಉಳಿದದ್ದರ ಮೇಲೆ ಇಷ್ಟು ರಮ್ ಚಿಮುಕಿಸಿ ಮುಚ್ಚಿಡುತ್ತಾರೆ. ನಮ್ಮ ಚರ್ಚಿನವರು ಮದ್ಯ ಮುಟ್ಟುವುದಿಲ್ಲ. ಕೇಕೇ ಅದನ್ನು ಮುಟ್ಟಿದರೆ ನಾವೇನು ಮಾಡುವುದು? ಜಗಳವಾಡಿಕೊಂಡ ವರ್ಷವೂ ಎದುರುಬದುರು ಕೂತು ತಿನ್ನಲೇಬೇಕು. ಅಂಥ ವರ್ಷಗಳಿಗಾಗಿಯೇ ನಮ್ಮ ಹಿರಿಯರು ಈ ಪದ್ಧತಿ ಇಟ್ಟರೆಂದು ನನ್ನ ಗುಮಾನಿ.

ಅವಳ ಡಬ್ಬಿ ನನ್ನ ಉಗ್ರಾಣಕ್ಕೆ ಬಂದದ್ದು ಹೇಗೆ ಎನ್ನುತ್ತೀರಾ? ಅವಳ ಗಂಡ ಒರಾಸಿಯೊನ ದೆಸೆಯಿಂದ. ದೇವರಂಥ ಮನುಷ್ಯ, ಆದರೆ ಸಿಹಿ ಕಂಡರೆ ಕೈ ಮಾತು ಕೇಳುವುದಿಲ್ಲ. ಒಂದು ಸಲ ಎರಡು ವರ್ಷದ ಪಾಲನ್ನು ಒಂದೇ ಮಧ್ಯಾಹ್ನ ಮುಗಿಸಿ, ತಪ್ಪನ್ನು ಇಲಿಯ ಮೇಲೆ ಹಾಕಿದ್ದ. ಅಂದಿನಿಂದ ಡಬ್ಬಿ ನನ್ನ ಸುಪರ್ದಿಯಲ್ಲಿದೆ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಡಬ್ಬಿಯ ಮುಚ್ಚಳ ತೆಗೆದು ತಾವು ಕೇಳಿದಿರಿ, "ಏನಮ್ಮಾ, ಇದು ಯಾವಾಗ ಮಾಡಿದ್ದು?" ಬೇರೆ ಯಾರಾದರೂ ಆಗಿದ್ದರೆ ನಿನ್ನೆ ಎನ್ನುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು, "ಇಪ್ಪತ್ತೈದು ವರ್ಷ ಆಯ್ತು ಸ್ವಾಮಿ, ಇನ್ನೂ ಹೆಂಗಿದೆ ನೋಡಿ" ಎಂದೆ. ತಾವು ನೋಡಲಿಲ್ಲ, ಬರೆದುಕೊಂಡಿರಿ. ಹಳೆಯದಾದಷ್ಟೂ ಹೆಮ್ಮೆಪಡುವ ಜನ ಅವಧಿ ಮೀರಿದ ಪದಾರ್ಥ ಎಂಬ ಮಾತನ್ನು ಎಲ್ಲಿಂದ ಕೇಳಿರಬೇಕು?

ಸಮುದ್ರ ದಾಟಿ ಈ ಮರಳುಗಾಡಿಗೆ ಬಂದಿಳಿದ ನಮ್ಮವರು, ಕೈಗೆ ಸಿಕ್ಕಿದ ಹಿಟ್ಟು, ಕಪ್ಪು ಸಕ್ಕರೆ, ಒಣದ್ರಾಕ್ಷಿ ಸೇರಿಸಿ, ಕೆಡದೆ ಉಳಿಯಲೆಂದೇ ಈ ಕೇಕು ಮಾಡಿಕೊಂಡರು ಎನ್ನುತ್ತಾರೆ. ಆಗ ಈ ನೆಲದ ತೆಹುವೆಲ್ಚೆ ಜನ ನಮ್ಮ ಬ್ರೆಡ್ಡು ತೆಗೆದುಕೊಂಡು ಮಾಂಸ ಕೊಟ್ಟರು. ಅವರು ತಯಾರಿಕೆಯ ದಿನಾಂಕ ಕೇಳುತ್ತ ಕೂತಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ, ತಮಗೆ ತಪಾಸಣೆಗೆ ಅಂಗಡಿಗಳೂ ಇರುತ್ತಿರಲಿಲ್ಲ. ಹೋದ ವರ್ಷ ನಮ್ಮ ಹಿರಿಯರ ಭಾಷೆ ಕಲಿಸಲು ವೇಲ್ಸಿನಿಂದ ಬಂದ ಮೇಷ್ಟರಮ್ಮ ನನ್ನ ಕೇಕು ತಿಂದು, ನಮ್ಮೂರಲ್ಲಿ ಇದು ಇಲ್ಲವೇ ಇಲ್ಲ ಎಂದು ಕಣ್ಣರಳಿಸಿ, ತಾಯಿಗೆಂದು ಒಂದು ತುಂಡು ಕಟ್ಟಿಸಿಕೊಂಡು ಹೋದಳು. ತವರಿನವರೇ ನಮ್ಮಲ್ಲಿಂದ ಬುತ್ತಿ ಒಯ್ಯುತ್ತಿದ್ದಾರೆ, ತಾವು ಮೊಹರಿನ ಹಳದಿ ಪಟ್ಟಿ ಸುತ್ತಿ ಒಯ್ದಿರಿ.

ಇಷ್ಟು ಹೊತ್ತು ತಮಾಷೆಯಾಯಿತು. ಆ ಕೇಕನ್ನು ಮಾಡಿದ್ದು ನೆಸ್ಟಾಳ ತಾಯಿ. ಮದುವೆಯಾದ ಚಳಿಗಾಲದಲ್ಲೇ ಆಕೆ ತೀರಿಕೊಂಡರು. ಕೇಕು ಮಾಡುವ ಪಾಕ ಕೇಳಿದಾಗಲೆಲ್ಲ, "ನಾನಿನ್ನೂ ಸತ್ತಿಲ್ಲವಲ್ಲ, ಈಗೇನು ಅವಸರ" ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದರು. ನನ್ನ ಕೇಕನ್ನು ನೆಸ್ಟಾ ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾಳೆ, ಎರಡನೇ ಚೂರು ಕೇಳುವುದಿಲ್ಲ. ತಮ್ಮ ನೋಟೀಸು ಓದಿದ ಮೇಲೆ ಅವಳು ನನ್ನ ಅಡುಗೆಮನೆಗೆ ಬಂದಳು. "ಹೋಗ್ಲಿ ಬಿಡಿ ಡಿಲಿಸಕ್ಕ. ಅಮ್ಮನ ಕೈರುಚಿ ಇನ್ನೊಂದ್ಸಲ ಬಾಯಿಗೆ ಬೀಳ್ತಿತ್ತು ಅಷ್ಟೆ" ಎಂದಳು. ನನಗೆ ಸಿಟ್ಟು ಬಂತು. ಈ ಪತ್ರ ಸಿಟ್ಟಿನದು.

ಈಗ ಕಾನೂನಿನ ವಿಷಯ. ಮೂರು ವರ್ಷದ ಹಿಂದೆ ತಾವು ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವ ಹುಡುಗಿಯನ್ನು ಮದುವೆಯಾದಿರಿ. ಆ ಮದುವೆಯ ಕರಿ ಕೇಕು ಮಾಡಿದವಳು ನಾನು. ಅದರ ಮೇಲಂತಸ್ತು ಈಗ ತಮ್ಮ ಮಲಗುವ ಕೋಣೆಯ ಬೀರುವಿನ ಮೇಲೆ, ನೀಲಿ ಡಬ್ಬಿಯಲ್ಲಿದೆ. ದಿನಾಂಕದ ಚೀಟಿ ಅದಕ್ಕೂ ಇಲ್ಲ, ಅಂಟಿಸಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಕಳೆದ ವಾರ್ಷಿಕೋತ್ಸವಕ್ಕೆ ಅಳಿಯಂದಿರು ಇನ್ನೊಂದು ಚೂರು ಕೇಳಿ ತಿಂದರೆಂದು ತಮ್ಮ ಅತ್ತೆಯವರು ನನ್ನ ಅಂಗಡಿಯಲ್ಲೇ ಕೂತು ಸಂತೋಷದಿಂದ ಹೇಳಿದರು. ಅವಧಿ ಮೀರಿದ ಪದಾರ್ಥವನ್ನು ಅಧಿಕಾರಿಯೇ ಸೇವಿಸಿದರೆ ಯಾವ ಕಲಮು ಅನ್ವಯಿಸುತ್ತದೆ, ತಿಳಿಸಬೇಕು.

ಆದ್ದರಿಂದ ನನ್ನ ಒತ್ತಾಯ ಇಷ್ಟೆ. ಕಾನೂನು ಎಲ್ಲರಿಗೂ ಒಂದೇ ಆದರೆ ಮೊದಲು ತಮ್ಮ ಮನೆಯ ಡಬ್ಬಿಗೆ ಮೊಹರು ಹಾಕಿ. ಹೆಂಡತಿಯ ಎದುರಿಗೇ ಹಾಕಿ, ಬೆನ್ನಹಿಂದೆ ಬೇಡ. ಅದಾಗದಿದ್ದರೆ ಶನಿವಾರ ಸಂಜೆ ಚಹಾದ ಹೊತ್ತಿಗೆ ನೆಸ್ಟಾಳ ಡಬ್ಬಿಯನ್ನು ತಾವೇ ತಂದು, ತಾವೇ ಹಾಕಿದ ಪಟ್ಟಿಯನ್ನು ತಾವೇ ಬಿಚ್ಚಬೇಕು. ಚಹಾ ನನ್ನದು. ಒರಾಸಿಯೊನ ಕೈಗಳನ್ನು ನಾನು ಹಿಡಿದುಕೊಂಡಿರುತ್ತೇನೆ.

ಮತ್ತೊಂದು ಮಾತು. ನನಗೀಗ ಎಪ್ಪತ್ತು ದಾಟಿದೆ. ತಮ್ಮ ಮದುವೆಗೆ ಇಪ್ಪತ್ತೈದು ತುಂಬುವಾಗ ನಾನಿರುವುದಿಲ್ಲ, ಆ ನೀಲಿ ಡಬ್ಬಿ ಇರುತ್ತದೆ. ಮತ್ತು ನಾನೂ ನನ್ನ ಪಾಕವನ್ನು ಇನ್ನೂ ಯಾರಿಗೂ ಹೇಳಿಕೊಟ್ಟಿಲ್ಲ.

ಇಂತಿ,
ತಮ್ಮ ಬೀರುವಿನ ಮೇಲಿನ ಅಪರಾಧಕ್ಕೆ ಮೂಲ ಕಾರಣಳಾದ,
ಡಿಲಿಸ್ ಬೆವನ್
ಚಹಾದಂಗಡಿಯವಳು